ಅರಿವು ಯಾರಿಗೆ ಮೂಡಬೇಕು?

ಹಳೆಯ ಗುಡಿಯನ್ನೋ ಕಲ್ಯಾಣಿಯನ್ನೋ ಕಾಡನ್ನೋ ಉಳಿಸಲು ಹೊರಟ ಯಾವ ಶಿಬಿರದ ಕರಪತ್ರವನ್ನಾದರೂ ತೆಗೆದು ನೋಡಿ. ಉದ್ದೇಶಗಳ ಪಟ್ಟಿಯಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ‘ಸ್ಥಳೀಯರಲ್ಲಿ ಅರಿವು ಮೂಡಿಸುವುದು’. ಪೇಟೆಯಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ಅದನ್ನು ನಂಬಿ ಬರುತ್ತಾರೆ. ಅಧಿಕಾರಿಗಳು ಅದನ್ನೇ ಭಾಷಣದಲ್ಲಿ ಹೇಳುತ್ತಾರೆ, ಪತ್ರಿಕೆಗಳು ಅದನ್ನೇ ಅಚ್ಚು ಹಾಕುತ್ತವೆ. ಊರವರಿಗೆ ತಮ್ಮಲ್ಲಿರುವುದರ ಬೆಲೆ ಗೊತ್ತಿಲ್ಲ, ಗೊತ್ತಿರುವ ನಾವು ಹೋಗಿ ತಿಳಿಸಬೇಕು, ಆಗ ಪರಂಪರೆ ಉಳಿಯುತ್ತದೆ ಎಂಬ ಈ ನಂಬಿಕೆಯನ್ನು ಯಾರೂ ತಡೆದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಇಂಥ ಕರಪತ್ರಗಳನ್ನು ನಾನೇ ಬರೆದಿದ್ದೇನೆ, ಹಂಚಿದ್ದೇನೆ. ಇವತ್ತು ಆ ಮಾತು ಸುಳ್ಳು ಎಂದು ಬರೆಯಲು ಕೂತಿದ್ದೇನೆ. ಅದು ಬರೀ ಸುಳ್ಳಾಗಿದ್ದರೆ ಸಾಕಿತ್ತು, ಯಾರನ್ನು ನಂಬಿ ಆ ಗುಡಿ, ಕೆರೆ, ಕಾಡು ಇಷ್ಟು ದಿನ ಉಳಿದಿದ್ದವೋ ಅವರನ್ನೇ ಅಲ್ಲಿಂದ ಎಬ್ಬಿಸಲು ಅದು ದಾರಿ ಮಾಡಿಕೊಟ್ಟಿದೆ.

ಹದಿನೈದು ವರ್ಷದ ಹಿಂದಿನ ಮಾತು. ತುಮಕೂರು ಸೀಮೆಯ ಒಂದು ಊರಿನ ಕೆರೆ ಏರಿಯ ಕೆಳಗಿದ್ದ ಕಲ್ಯಾಣಿಯನ್ನು ಚೊಕ್ಕ ಮಾಡಲು ಅರವತ್ತು ಜನ ಹೋಗಿದ್ದೆವು. ಎರಡು ದಿನ ಬೆನ್ನು ಬಗ್ಗಿಸಿ ಮಣ್ಣು ಹೊತ್ತೆವು. ಸಾರಾಯಿ ಪ್ಯಾಕೆಟ್ಟು, ಒಡೆದ ಗಾಜು, ಹರಿದ ಚಪ್ಪಲಿ, ದೇವರ ಪಟಗಳ ಚೌಕಟ್ಟು, ಏನೇನೋ ಬಂತು. ಹೂಳು ಸರಿದಂತೆ ಮೆಟ್ಟಿಲುಗಳು ಒಂದೊಂದಾಗಿ ಕಂಡವು. ಮೂಲೆಯ ಕಲ್ಲಿನಲ್ಲಿ ಕೆತ್ತಿದ ಆಮೆ ಕಂಡಾಗ ನಾವೆಲ್ಲ ಕೇಕೆ ಹಾಕಿದೆವು. ಸಂಜೆ ಸಮಾರಂಭ ನಡೆಯಿತು. ದೇವಸ್ಥಾನ ಸಮಿತಿಯವರು ಶಾಲು ಹೊದಿಸಿದರು. ನಮ್ಮ ಸಂಸ್ಥೆಯ ಹೆಸರು, ದಾನಿಗಳ ಹೆಸರು ಬರೆದ ಫಲಕ ನೆಟ್ಟೆವು.

ಅಷ್ಟೂ ಹೊತ್ತು ಒಬ್ಬ ಮುದುಕರು ಏರಿ ಮೇಲಿನ ಹೊಂಗೆ ಮರದ ಕೆಳಗೆ ಕೂತು ನೋಡುತ್ತಿದ್ದರು. ಸಮಾರಂಭದ ಹತ್ತಿರ ಬರಲಿಲ್ಲ. ನಾನೇ ಹೋಗಿ ಕರಪತ್ರ ಕೊಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ.

‘ಇದ್ರಾಗೆ ಏನ್ ಬರ್ದೈತಪ್ಪಾ?’ ಎಂದರು.

‘ಕಲ್ಯಾಣಿನ ಊರವರೇ ಕಾಪಾಡ್ಕೋಬೇಕು ಅಂತ, ತಾತ.’

ಸ್ವಲ್ಪ ಹೊತ್ತು ಕಾಗದವನ್ನು ತಿರುಗಿಸಿ ನೋಡಿದರು. ‘ನೀರು ಎಲ್ಲಿಂದ ಬತ್ತೈತೆ ಅಂತ ಬರ್ದೈತಾ?’

ಬರೆದಿರಲಿಲ್ಲ. ನಮಗೆ ಯಾರಿಗೂ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ತಾತ ಎದ್ದು ನಡೆದರು, ನಾನು ಹಿಂದೆ ಹೋದೆ. ಒಣಗಿ ಬಿರಿದಿದ್ದ ಕೆರೆಯಂಗಳ ದಾಟಿ, ಜಾಲಿಯ ನಡುವೆ ಹಳ್ಳದ ಜಾಡು ಹಿಡಿದು ಅರ್ಧ ಗಂಟೆ ನಡೆದ ಮೇಲೆ ಒಂದು ಡಾಂಬರು ರಸ್ತೆ ಅಡ್ಡ ಸಿಕ್ಕಿತು. ಹೊಸ ರಸ್ತೆ, ಎತ್ತರಿಸಿ ಮಾಡಿದ್ದು. ಅದರ ಕೆಳಗೆ ಒಂದೇ ಒಂದು ಸಿಮೆಂಟ್ ಪೈಪು. ಆ ಪೈಪಿನ ಬಾಯಿ ಹಳ್ಳದ ತಳಕ್ಕಿಂತ ಮೊಣಕಾಲೆತ್ತರ ಮೇಲಿತ್ತು. ಮೇಲಿಂದ ಇಳಿದು ಬಂದ ಮಳೆನೀರು ಪೈಪಿಗೆ ಏರಲಾರದೆ ರಸ್ತೆಯ ಪಕ್ಕದ ಚರಂಡಿ ಹಿಡಿದು ಬೇರೆ ಕಡೆಗೆ ಹೋಗಿಬಿಡುತ್ತಿತ್ತು. ಕೆರೆಗೆ ನೀರಿಲ್ಲದ ಮೇಲೆ ಏರಿಯಡಿಯ ಕಲ್ಯಾಣಿಗೆ ಬಸಿನೀರು ಎಲ್ಲಿಂದ ಬರಬೇಕು? ರಸ್ತೆ ಮಾಡುವಾಗಲೇ ಕೆಲಸದವರಿಗೆ ಹೇಳಿದ್ದೆ, ‘ನಿಂಗ್ಯಾಕೆ ಅದೆಲ್ಲಾ, ಸರಿ ಅತ್ಲಾಗೆ’ ಅಂದರು ಎಂದು ತಾತ ಯಾವ ಸಿಟ್ಟೂ ಇಲ್ಲದೆ ಹೇಳಿದರು.

ಮುಂದಿನ ಬೇಸಿಗೆಯಲ್ಲಿ ಹೋದಾಗ ಕಲ್ಯಾಣಿಯ ಮೆಟ್ಟಿಲ ಸಂದಿಯಲ್ಲಿ ಎಕ್ಕದ ಗಿಡ ಎದ್ದಿತ್ತು. ತಳದಲ್ಲಿ ಒಂದು ಹನಿ ನೀರಿರಲಿಲ್ಲ. ಒಣ ಗುಂಡಿಗೆ ಜನ ಮತ್ತೆ ಕಸ ಹಾಕತೊಡಗಿದ್ದರು. ನಮ್ಮ ಗುಂಪಿನಲ್ಲಿ ಯಾರೋ ‘ನೋಡಿ, ಎಷ್ಟು ಹೇಳಿದರೂ ಈ ಜನಕ್ಕೆ ಅರಿವು ಬರುವುದಿಲ್ಲ’ ಎಂದರು. ಆ ಕ್ಷಣ ನನಗೆ ಆದ ನಾಚಿಕೆಯನ್ನು ಇವತ್ತಿಗೂ ಮರೆತಿಲ್ಲ.

ತಾತ ಆ ಊರಿನ ನೀರುಗಂಟಿ. ಅವರಪ್ಪ, ಅಜ್ಜ ಮಾಡಿದ ಕೆಲಸ ಅದೇ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಗಾ ಇಡುವುದು, ಮಳೆಗಾಲದ ರಾತ್ರಿ ಏರಿ ಮೇಲೆ ತಿರುಗಿ ಬಿಲವೋ ಬಿರುಕೋ ಕಂಡರೆ ಊರಿಗೆ ಕೂಗುವುದು. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದ್ದಕ್ಕೆ, ಕಟ್ಟಿದ್ದನ್ನು ನೋಡಿಕೊಳ್ಳುವುದಕ್ಕೆ ಬಿಟ್ಟುಕೊಟ್ಟ ಭೂಮಿ, ಆದಾಯ ಅದು. ಅಂದರೆ ಈ ನಾಡಿನಲ್ಲಿ ಕೆರೆಗಳು ಉಳಿದದ್ದು ಯಾರದೋ ಬಿಡುವಿನ ಭಾನುವಾರದಿಂದಲ್ಲ. ನೋಡಿಕೊಳ್ಳುವವನ ಅನ್ನ ಅದರಲ್ಲಿತ್ತು, ಹಾಗಾಗಿ ಅವನ ಕಣ್ಣೂ ಅದರ ಮೇಲಿತ್ತು.

ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಅಪ್ರಾಮಾಣಿಕವಾದೀತು. ನೀರುಗಂಟಿಯ ಚಾಕರಿ ಹೆಚ್ಚಿನ ಊರುಗಳಲ್ಲಿ ದಲಿತರ ಹೆಗಲ ಮೇಲಿತ್ತು. ಜಾತಿ ಅದನ್ನು ಕಟ್ಟಿಹಾಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರ, ನೀರುಗಂಟಿಯಂಥ ವಂಶಪಾರಂಪರ್ಯದ ಚಾಕರಿಗಳನ್ನು ತೆಗೆದದ್ದು ಸರಿಯೇ. ಆದರೆ ಚಾಕರಿಯೊಂದಿಗೆ ಹಕ್ಕೂ ಹೋಯಿತು, ಆ ತಿಳಿವಳಿಕೆಗೆ ಕೂರಲು ಬೇರೆ ಜಾಗ ಯಾರೂ ಮಾಡಿಕೊಡಲಿಲ್ಲ. ಇವತ್ತು ಎಷ್ಟೋ ಪಂಚಾಯಿತಿಗಳಲ್ಲಿ ನೀರುಗಂಟಿ ಎಂದರೆ ಬೋರ್‌ವೆಲ್ಲಿನ ಮೋಟರು ಹಾಕಿ ನಲ್ಲಿಗೆ ನೀರು ಬಿಡುವವನು. ಹಳ್ಳದ ಜಾಡು ಬಲ್ಲವನು ಹೊಂಗೆ ಮರದ ಕೆಳಗೆ ಉಳಿದುಬಿಟ್ಟ. ಅವನಿಗೆ ‘ಅರಿವು ಮೂಡಿಸಲು’ ನಾವು ಬಸ್ಸು ಮಾಡಿಕೊಂಡು ಹೋದೆವು.

ಒಂದು ಊರಿನಲ್ಲಿ ಹೀಗಾಯಿತು ಎಂದು ಎಲ್ಲ ಕಡೆಗೂ ಅನ್ವಯಿಸಬಹುದೇ ಎಂದು ಕೇಳುವವರು ಹಂಪಿಗೆ ಬನ್ನಿ.

1986ರಲ್ಲಿ ಹಂಪಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಕಲ್ಲುಗಳು, ಆದರೆ ಹಂಪಿ ಬರೀ ಕಲ್ಲಲ್ಲ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ರಾಯ, ಬಸವಣ್ಣ, ತುರ್ತು ಕಾಲುವೆಗಳು ಇವತ್ತಿಗೂ ಬಾಳೆಗೆ, ಭತ್ತಕ್ಕೆ ನೀರುಣಿಸುತ್ತಿವೆ. 1565ರಲ್ಲಿ ನಗರ ಹಾಳಾದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ತೇರು ನಿಲ್ಲಲಿಲ್ಲ. ಅದನ್ನು ನಿಲ್ಲದಂತೆ ನೋಡಿಕೊಂಡವರು ಅಲ್ಲಿನ ಜನ. ಅಂಥ ಊರಿನ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು 2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ತಂದು ಎಬ್ಬಿಸಲಾಯಿತು. ನ್ಯಾಯಾಲಯದ ಆದೇಶವಿತ್ತು, ನಿಯಮವಿತ್ತು. ಮಂಟಪಗಳಿಗೆ ಇಟ್ಟಿಗೆ ಗೋಡೆ ಕಟ್ಟಿದ್ದು, ಮಹಡಿ ಎಬ್ಬಿಸಿದ್ದು, ವಸತಿಗೃಹ ನಡೆಸಿದ್ದು ಎಲ್ಲ ನಿಜ. ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಆ ದಿನಗಳಲ್ಲಿ ದೂರದ ಪರಂಪರೆಪ್ರಿಯರು ಎಷ್ಟು ನಿರಾಳವಾಗಿ ‘ಅಂತೂ ಹಂಪಿ ಸ್ವಚ್ಛವಾಯಿತು’ ಎಂದರು! ಸ್ಥಳೀಯರಿಗೆ ಅರಿವಿಲ್ಲ ಎಂದು ವರ್ಷಗಟ್ಟಲೆ ಹೇಳುತ್ತ ಬಂದದ್ದರ ಫಲ ಅದು. ಅರಿವಿಲ್ಲದವನನ್ನು ಎಬ್ಬಿಸಿದರೆ ನೋವು ಯಾರಿಗೆ?

2024ರ ಮೇ ತಿಂಗಳ ಮಳೆಗೆ ಅದೇ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿಯಿತು. ಜನ ಅಲ್ಲೇ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಸೋರುವ ಸೂರನ್ನು ಮೊದಲು ಕಾಣುವವರು ಅದರಡಿ ಮಲಗುವವರು. ಅವರು ಹೋದ ಮೇಲೆ ಆ ಸೂರನ್ನು ದಿನಾ ತಲೆಯೆತ್ತಿ ನೋಡುವವರು ಯಾರು ಎಂಬ ಪ್ರಶ್ನೆಯನ್ನು 2011ರಲ್ಲಿ ಯಾರೂ ಕೇಳಲಿಲ್ಲ.

ಇನ್ನು ಹಂಪಿಯನ್ನು ಕೆಡವಿದವರು ಯಾರು? 2019ರ ಫೆಬ್ರುವರಿಯಲ್ಲಿ ಆನೆಲಾಯದ ಹಿಂಬದಿಯ ಗುಡಿಯ ಕಂಬವನ್ನು ತಳ್ಳಿ ಬೀಳಿಸಿ ವಿಡಿಯೊ ಮಾಡಿದ ಯುವಕರು ಹೊರರಾಜ್ಯದಿಂದ ಬಂದವರು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಅದೇ ವರ್ಷ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ಯತಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ಅಗೆದು ಕೆಡವಿದರು. ಸುದ್ದಿ ತಿಳಿದ ಕೂಡಲೇ ಸುತ್ತಲಿನ ಭಕ್ತರು ಹೊಳೆ ದಾಟಿ ಬಂದು, ಚೆದುರಿದ ಕಲ್ಲುಗಳನ್ನು ಹುಡುಕಿ ಜೋಡಿಸಿ, ಕೆಲವೇ ದಿನಗಳಲ್ಲಿ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಅವರನ್ನು ಯಾವ ಶಿಬಿರವೂ ಕರೆದಿರಲಿಲ್ಲ, ಯಾವ ಕರಪತ್ರವೂ ಅರಿವು ಮೂಡಿಸಿರಲಿಲ್ಲ.

ಐಹೊಳೆ, ಪಟ್ಟದಕಲ್ಲಿಗೆ ಹೋದವರಿಗೆ ಅಲ್ಲಿನ ಇನ್ನೊಂದು ಕಷ್ಟ ಗೊತ್ತಿರುತ್ತದೆ. ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಇದ್ದ ಗೋಡೆಯ ರಿಪೇರಿಗೂ ಅರ್ಜಿ ಹಾಕಬೇಕು. ಗುಡಿ ಬಗಲಿಗೇ ಮನೆಯಿರುವ ಊರಿನಲ್ಲಿ ಇದರರ್ಥ ಏನು? ಮಗನಿಗೆ ಮದುವೆಯಾದರೆ ಒಂದು ಕೋಣೆ ಹೆಚ್ಚಿಸಿಕೊಳ್ಳುವಂತಿಲ್ಲ. ಐಹೊಳೆಯಲ್ಲಿ ಗುಡಿಗಳ ಒಳಗೇ ಜನ ಬಾಳಿದ್ದರು, ಲಾಡ್‌ಖಾನ್ ಗುಡಿಗೆ ಹೆಸರು ಬಂದದ್ದೇ ಅದರಲ್ಲಿ ವಾಸವಿದ್ದವನಿಂದ. ಸಾವಿರ ವರ್ಷಕ್ಕೂ ಮಿಗಿಲಾಗಿ ಆ ಕಲ್ಲಿನ ನೆರಳಲ್ಲಿ ಜನ ಬಾಳಿದರು, ಕಲ್ಲೂ ಬಾಳಿತು. ಈಗ ಆ ಕಲ್ಲಿನ ಹೆಸರು ಹೇಳಿದರೆ ಊರವರಿಗೆ ನೋಟೀಸು ನೆನಪಾಗುತ್ತದೆ. ನೆರೆಯಲ್ಲಿ ಗುಡಿಯಿದ್ದದ್ದೇ ತಪ್ಪಾಯಿತು ಎಂದು ಅವರಿಗೆ ಅನಿಸುವಂತೆ ಮಾಡಿ, ಆಮೇಲೆ ಅವರಲ್ಲಿ ಅಭಿಮಾನ ಇಲ್ಲ ಎಂದು ದೂರುವುದು ಯಾವ ನ್ಯಾಯ?

ಕಾಡಿನ ವಿಷಯದಲ್ಲಂತೂ ಈ ನಂಬಿಕೆ ಮಾಡಿದ ಹಾನಿಯನ್ನು ಕಣ್ಣಾರೆ ಕಾಣಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತುಸು ತೇವ ಇರುವಾಗ, ಉದುರಿದ ತರಗೆಲೆಗೆ ಬೆಂಕಿ ಇಡುತ್ತಿದ್ದರು. ಅವರು ಅದನ್ನು ತರಗು ಬೆಂಕಿ ಎನ್ನುತ್ತಾರೆ. ಗಿಡ್ಡ ಬೆಂಕಿ, ನೆಲ ಸವರಿಕೊಂಡು ಹೋಗುವ ಬೆಂಕಿ. ಮರ ಸುಡುವುದಿಲ್ಲ. ಪೊದೆ ಕಟ್ಟುವುದನ್ನು ತಡೆಯುತ್ತದೆ, ಹೊಸ ಹುಲ್ಲು ಚಿಗುರಲು ಎಡೆ ಕೊಡುತ್ತದೆ, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯನ್ನು ಹದ್ದಿನಲ್ಲಿಡುತ್ತದೆ ಎಂಬುದು ಅವರ ತಿಳಿವಳಿಕೆ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಸೋಲಿಗರು ಪೋಡು ಎಂದು ಕರೆಯುವ ತಮ್ಮ ಹಾಡಿಗಳಲ್ಲಿ ನೆಲೆ ನಿಂತರು. ಬೆಂಕಿ ಎಂದರೆ ಅಪರಾಧವಾಯಿತು. ಕಾಡಿಗೆ ಬೆಂಕಿ ಇಡುವ ಅರಿವುಗೇಡಿಗಳು ಎಂಬ ಹೆಸರು ಅವರಿಗೆ ಬಂತು.

ಮುಂದಾದದ್ದು ಏನು? ಬೆಂಕಿಯಿಲ್ಲದ ನೆಲವನ್ನು ಲಂಟಾನ ಎಂಬ ಕಳೆಗಿಡ ಹಿಡಿಯಿತು. 1997ರಿಂದ 2008ರ ನಡುವೆ ಆ ಕಾಡಿನಲ್ಲಿ ಲಂಟಾನ ಹರಡಿದ್ದ ಪ್ರದೇಶ ಹೆಚ್ಚೂಕಡಿಮೆ ಇಮ್ಮಡಿಯಾಯಿತೆಂದು ಅಲ್ಲೇ ಅಳತೆ ಮಾಡಿದ ಸಂಶೋಧಕರು ದಾಖಲಿಸಿದ್ದಾರೆ. ಎದೆಮಟ್ಟ ಬೆಳೆದ ಲಂಟಾನದ ಪೊದೆಗೆ ನಡುಬೇಸಿಗೆಯಲ್ಲಿ ಕಿಡಿ ತಾಗಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ತಲೆಗೇರುತ್ತದೆ. ಲಂಟಾನ ಬೆಳೆಯಲು ಬರೀ ಬೆಂಕಿ ನಿಂತದ್ದೇ ಕಾರಣವೆಂದು ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ, ಆ ಚರ್ಚೆ ನಡೆಯಲಿ. ಆದರೆ ಕಾಡಿಗೆ ಬಂದ ರೋಗವನ್ನು ಮೊದಲು ಕಂಡವರೂ ಹೇಳಿದವರೂ ಸೋಲಿಗರು. ಅವರ ಮಾತು ಕಿವಿಗೆ ಬೀಳಲಿಲ್ಲ. ಇವತ್ತು ನಾಡಿನ ಎಷ್ಟೋ ಕಾಡುಗಳಲ್ಲಿ ಲಂಟಾನ ಕೀಳಲು ಸ್ವಯಂಸೇವಕರನ್ನು ಕರೆಯುತ್ತಾರೆ. ಬೇರು ಬಿಟ್ಟು ಬುಡ ಕತ್ತರಿಸಿದರೆ ಮುಂದಿನ ಮಳೆಗೆ ಅದು ಎರಡರಷ್ಟಾಗಿ ಚಿಗುರುತ್ತದೆ. ಇದು ಪೋಡಿನ ಹತ್ತು ವರ್ಷದ ಹುಡುಗನಿಗೂ ಗೊತ್ತು.

ಅದೇ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರನ್ನು ಎಬ್ಬಿಸಿದರೆ ಮಾತ್ರ ಹುಲಿ ಉಳಿಯುತ್ತದೆ ಎಂದು ಹೇಳುವವರು ಆಗ ಬೇಕಾದಷ್ಟಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜನ ಕಾಡಿನಲ್ಲೇ ಉಳಿದರು. 2010ರ ಎಣಿಕೆಯಲ್ಲಿ 35 ಇದ್ದ ಹುಲಿ 2014ರ ಎಣಿಕೆಗೆ 68 ಆಗಿತ್ತು. ಹುಲಿ ಹೆಚ್ಚಲು ನೂರು ಕಾರಣ ಇರಬಹುದು. ಜನ ಇದ್ದರೆ ಹುಲಿ ಇರುವುದಿಲ್ಲ ಎಂಬ ಮಾತಂತೂ ಅಲ್ಲಿ ಸತ್ತುಹೋಯಿತು.

ನನ್ನ ಎದುರು ಇಡುವ ಗಟ್ಟಿ ವಾದ ಒಂದಿದೆ, ಅದನ್ನು ಬದಿಗೆ ಸರಿಸುವುದಿಲ್ಲ. ‘ಹಾಳು ಮಾಡುವವರಲ್ಲಿ ಊರವರೂ ಇಲ್ಲವೇ? ಕೊಡಗಿನ ದೇವರಕಾಡನ್ನು ಕಡಿದು ಕಾಫಿ ಹಾಕಿದವರು ಯಾರು? ಹಳೆ ಗುಡಿಯ ಕಲ್ಲಿಗೆ ಎನಾಮಲ್ ಪೇಂಟು ಬಳಿದು, ನೆಲಕ್ಕೆ ಟೈಲ್ಸು ಹಾಕಿದವರು ಯಾರು? ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡವರು ಯಾರು?’

ಊರವರೇ. ಆದರೆ ಊರು ಎಂದರೆ ಒಂದೇ ಮನಸ್ಸಲ್ಲ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಒಡೆತನ ಒಮ್ಮೆ ಕಂದಾಯ ಇಲಾಖೆಗೆ, ಒಮ್ಮೆ ಅರಣ್ಯ ಇಲಾಖೆಗೆ ಹೋಗಿ ಬಂದಿತು. ಕಾಯುತ್ತಿದ್ದ ಊರಿನ ಕೈಯಲ್ಲಿ ಕಾಗದ ಉಳಿಯಲಿಲ್ಲ, ಕಾಗದ ಇದ್ದ ಇಲಾಖೆಗೆ ಕಾಯುವ ಕಣ್ಣಿರಲಿಲ್ಲ. ನಡುವೆ ನುಗ್ಗಿದವರು ನುಗ್ಗಿದರು. ಹೀಗೆ ಒತ್ತುವರಿ ಮಾಡುವ ಬಲವಿರುವವನಿಗೆ ಅರಿವಿನ ಕೊರತೆ ಇರುವುದಿಲ್ಲ, ಎಕರೆಗೆ ಎಷ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತು. ಅವನೆದುರು ನಿಲ್ಲುವ ಬಡ ನೆರೆಯವನಿಗೆ ಬೇಕಾದದ್ದು ಭಾಷಣವಲ್ಲ, ಜೊತೆಗೆ ನಿಲ್ಲುವ ನಾಲ್ಕು ಜನ. ಇನ್ನು ಗುಡಿಗೆ ಪೇಂಟು ಬಳಿದವರು ಅದನ್ನು ಮಾಡಿದ್ದು ತಿರಸ್ಕಾರದಿಂದಲ್ಲ. ಮಗಳ ಮದುವೆಗೆ ಮನೆ ಬಳಿಯುವಂತೆ ಪ್ರೀತಿಯಿಂದ ಬಳಿದರು. ಆ ಪ್ರೀತಿಯನ್ನು ಅಜ್ಞಾನ ಎಂದು ಕರೆದು ಮಾತು ಶುರು ಮಾಡುವವನಿಗೆ ಆ ಊರಿನಲ್ಲಿ ಮುಂದೆ ಯಾರೂ ಬಾಗಿಲು ತೆರೆಯುವುದಿಲ್ಲ. ಕಲ್ಲಿಗೆ ಉಸಿರಾಡಲು ಸುಣ್ಣದ ಗಾರೆ ಏಕೆ ಬೇಕು, ಎನಾಮಲ್ ಒಳಗೆ ತೇವ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಕೂತು ಹೇಳಿದರೆ ಕೇಳುತ್ತಾರೆ. ಸುಣ್ಣ ಅರೆದು ಬಲ್ಲ ಗಾರೆಯವರು ಹಲವು ಊರುಗಳಲ್ಲಿ ಇನ್ನೂ ಸಿಗುತ್ತಾರೆ.

ಇನ್ನೊಂದು ಮಾತು ಬರುತ್ತದೆ: ‘ಪಾಪ, ರಜೆ ಬಿಟ್ಟು, ಕೈಯಿಂದ ದುಡ್ಡು ಹಾಕಿ ಬರುವ ಮಕ್ಕಳನ್ನು ಏಕೆ ಬಯ್ಯುತ್ತೀರಿ?’ ಅವರನ್ನು ನಾನು ಬಯ್ಯುತ್ತಿಲ್ಲ. ಅವರ ಕೈಯಲ್ಲಿ ಏಳುವ ಬೊಬ್ಬೆಯನ್ನು ನೋಡಿದ್ದೇನೆ, ಅದು ನಿಜವಾದ ಬೊಬ್ಬೆ. ಆ ಕೈಗಳನ್ನು ತಪ್ಪು ಜಾಗಕ್ಕೆ ಕರೆದೊಯ್ಯುವ ನಂಬಿಕೆಯ ಮೇಲೆ ನನ್ನ ಸಿಟ್ಟು. ಇವತ್ತಿನ ಅಂತಾರಾಷ್ಟ್ರೀಯ ಸ್ವಯಂಸೇವಾ ಶಿಬಿರಗಳ ಮೂಲ ಹುಡುಕಿದರೆ 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಫ್ರಾನ್ಸಿನ ವೆರ್ಡನ್ ಹತ್ತಿರದ ಎನ್ ಎಂಬ ಹಳ್ಳಿಯಲ್ಲಿ ನಡೆಸಿದ ಶಿಬಿರ ಸಿಗುತ್ತದೆ. ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಊರು ಅದು. ಅವರು ಅಲ್ಲಿಗೆ ಹೋದದ್ದು ಜನ ಮತ್ತೆ ಬಂದು ಬಾಳಲಿ ಎಂದು. 1934ರ ಬಿಹಾರ ಭೂಕಂಪದ ನಂತರ ಅದೇ ಸೆರೆಸೋಲ್ ಇಲ್ಲಿಗೂ ಬಂದು ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸ ಮಾಡಿದರು. ಜನರ ಮನೆ ಕಟ್ಟಲು ಹುಟ್ಟಿದ ಸೇವೆ ಇವತ್ತು ಜನರನ್ನು ಎಬ್ಬಿಸಿ ಖಾಲಿ ಮಾಡಿದ ಜಾಗ ಗುಡಿಸುವುದಕ್ಕೆ ಬಳಕೆಯಾದರೆ ದುಃಖವಾಗುವುದಿಲ್ಲವೇ? ಯುನೆಸ್ಕೋದ ವಿಶ್ವ ಪರಂಪರೆಯ ಒಡಂಬಡಿಕೆ 1972ರದು. ಅದರ ಗುರಿಗಳ ಸಾಲಿನಲ್ಲಿ ‘ಸಮುದಾಯ’ ಎಂಬ ಮಾತನ್ನು ಸೇರಿಸಿದ್ದು 2007ರಲ್ಲಿ. ಸ್ಮಾರಕದ ಪಕ್ಕದಲ್ಲಿ ಜನ ಇದ್ದಾರೆ ಎಂದು ಬರೆದುಕೊಳ್ಳಲು 35 ವರ್ಷ ಬೇಕಾಯಿತು.

ಹಾಗಾದರೆ ಹೊರಗಿನವರು ಬರಲೇಬಾರದೇ? ಖಂಡಿತ ಬರಬೇಕು. ಹೇಗೆ ಬರಬೇಕು ಎಂಬುದನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ನೋಡಬಹುದು. ಆ ಊರಿನ ಹುಣಿಸೆ, ಅತ್ತಿ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿ ವರ್ಷ ಬಂದು ಗೂಡು ಕಟ್ಟುತ್ತವೆ. ಊರಿನ ಹೆಂಗಸರು ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಬರೀ ಮಾತಿಗೆ ಎನ್ನುವುದಿಲ್ಲ. ಗೂಡಿರುವ ಹುಣಿಸೆ ಮರವನ್ನು ಬಡಿಯುವಂತಿಲ್ಲ, ಆ ವರ್ಷದ ಹುಣಿಸೆಹಣ್ಣು ಹೋಯಿತೆಂದೇ ಲೆಕ್ಕ. ಹುಣಿಸೆ ಮಾರಿ ಸಂಸಾರ ತೂಗಿಸುವ ಮನೆಗೆ ಅದು ಸಣ್ಣ ನಷ್ಟವಲ್ಲ. ಅಂಗಳದಲ್ಲಿ ಹಿಕ್ಕೆ, ಕೊಳೆತ ಮೀನಿನ ನಾತ. ಅದನ್ನೂ ಬಿಡದೆ ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಸೇರಿಸಿ ಗೊಬ್ಬರ ಮಾಡಿ ಹೊಲಕ್ಕೆ ಹಾಕುವುದು ಅವರ ರೂಢಿ. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡಲು ಆರಂಭಿಸುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಹಕ್ಕಿ ಆ ಊರಲ್ಲಿತ್ತು.

ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿ ಆಸಕ್ತರ ಬಳಗ ಅಲ್ಲಿಗೆ ಹೋಯಿತು. ಹಕ್ಕಿ ನೋಡಲು ಹೋದವರು ಊರಿನ ಹುಡುಗರ ಜೊತೆ ಸೇರಿದರು. ಊರಿನಲ್ಲೇ ಹೆಜ್ಜಾರ್ಲೆ ಬಳಗ ಹುಟ್ಟಿತು. ಗಾಳಿಗೆ ಗೂಡಿನಿಂದ ಬಿದ್ದ ಮರಿ ತಾಯಿಯ ಬಳಿಗೆ ಮತ್ತೆ ಹೋಗಲಾರದು, ನೆಲದಲ್ಲಿದ್ದರೆ ನಾಯಿ ಬಿಡುವುದಿಲ್ಲ. ಅಂಥ ಮರಿಗಳನ್ನು ಎತ್ತಿ ತಂದು ಬೇಲಿಯೊಳಗೆ ಬಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕೆಲಸವನ್ನು ಊರವರೇ ಮಾಡತೊಡಗಿದರು. ಹೊರಗಿನವರು ಮೀನಿಗೆ ದುಡ್ಡು ಹೊಂದಿಸಿದರು, ಲೆಕ್ಕ ಇಡಲು ಕಲಿಸಿದರು, ಇಲಾಖೆಯೊಂದಿಗೆ ಮಾತಾಡಿದರು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದಾಗ ಮೊದಲು ಗೋಳಾಡಿದವರು ಅಲ್ಲಿನ ಮನೆಯವರು. ಹೊಟ್ಟೆಯಲ್ಲಿ ಹುಳು ಸಿಕ್ಕಿತು. ಆ ಹುಳು ಹಕ್ಕಿಗೆ ಬರುವುದು ತಿಂದ ಮೀನಿನಿಂದ, ಮೀನು ಬೆಳೆಯುವುದು ಊರಾಚೆಯ ನೀರಿನಲ್ಲಿ. ಆ ನೀರಿಗೆ ಕೊಳೆ ಬಿಡುವವರು ಕೊಕ್ಕರೆ ಬೆಳ್ಳೂರಿನವರಲ್ಲ. ಅರಿವು ಮೂಡಿಸಬೇಕಾದದ್ದು ಯಾರಿಗೆ ಎಂದು ಇಲ್ಲಿ ಬಿಡಿಸಿ ಹೇಳಬೇಕೇ? ಹಕ್ಕಿ ಉಳಿಸಲು ಹಳ್ಳಿಗೆ ಬಸ್ಸು ಮಾಡಿ ಹೊರಡುವ ನಗರದವರು ತಮ್ಮ ಬೀದಿಯ ಮೋರಿ ಯಾವ ಹೊಳೆಗೆ ಸೇರುತ್ತದೆ ಎಂದು ಮೊದಲು ಕೇಳಿಕೊಳ್ಳಲಿ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು, ಕೆಲವೆಡೆ ಈಗಲೂ ಇದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬನ್ನಿ. ಅಲ್ಲಿ ಗದ್ದೆ ಯಾರದೋ ಅವರು ಹೇಳಿದಂತೆ ಕೆಲಸ. ಬಂದವರು ಬದು ಎಲ್ಲಿರಬೇಕು ಎಂದು ಪಾಠ ಹೇಳುವುದಿಲ್ಲ. ಶ್ರಮದಾನ ಎಂಬ ಮಾತು ನಮ್ಮ ತಲೆ ಕೆಡಿಸಿದೆ. ದಾನ ಎಂದ ಕೂಡಲೇ ಕೊಡುವವನ ಕೈ ಮೇಲೆ, ಇಸಕೊಳ್ಳುವವನ ಕೈ ಕೆಳಗೆ. ಮುಯ್ಯಿಗೆ ಹೋದರೆ ಹಾಗಾಗುವುದಿಲ್ಲ.

ಹಾಗೆ ಹೋದವರಿಗೆ ಮಾಡಲು ಕೆಲಸ ಬೇಕಾದಷ್ಟಿದೆ, ಹೆಚ್ಚಿನದು ಫೋಟೊಗೆ ಒದಗುವಂಥದ್ದಲ್ಲ. ಐಹೊಳೆಯ ಮನೆಯೊಡತಿಯ ಗೋಡೆ ರಿಪೇರಿ ಅರ್ಜಿ ತುಂಬಿ, ನಕ್ಷೆ ಬರೆದು, ಕಚೇರಿಯಲ್ಲಿ ಅದರ ಬೆನ್ನು ಹತ್ತುವುದು. ಪೋಡಿನ ಹಿರಿಯರ ಹಿಂದೆ ನಡೆದು ಅವರು ತೋರಿಸಿದ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕುವುದು. ಬಿಳಿಗಿರಿಬೆಟ್ಟದಲ್ಲಿ ಸೋಲಿಗರು ಸಂಶೋಧಕರ ಜೊತೆ ಸೇರಿ ದೊಡ್ಡ ಸಂಪಿಗೆ ಮರವೂ ಸೇರಿದಂತೆ ತಮ್ಮ ನೂರಾರು ಪವಿತ್ರ ತಾಣಗಳನ್ನು ಹೀಗೆ ಗುರುತಿಸಿದ್ದಾರೆ, ಅರಣ್ಯ ಹಕ್ಕಿನ ವಾದಕ್ಕೆ ಅದು ಬಲ ಕೊಟ್ಟಿತು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ಮಣ್ಣಿನ ಪಾಲಾಗಿದ್ದ, ಸುಮಾರು 750ರ ಕಾಲದ ಕಿತ್ತಯ್ಯನ ಶಾಸನವನ್ನು ಗುರುತಿಸಿದ್ದು ಶಾಸನಾಸಕ್ತ ಸ್ವಯಂಸೇವಕರು. ಅವರು ಅದನ್ನು ಎತ್ತಿಕೊಂಡು ಹೋಗಲಿಲ್ಲ. ಏನು ಬರೆದಿದೆ ಎಂದು ಬಡಾವಣೆಯವರಿಗೆ ಓದಿ ಹೇಳಿದರು. ಆಮೇಲೆ ಅದಕ್ಕೊಂದು ಮಂಟಪ ಎದ್ದದ್ದು ಆ ಬಡಾವಣೆಯವರ ಮುತುವರ್ಜಿಯಿಂದ.

ಆದರೆ ಯಾವ ಊರಿಗೆ ಹೋದರೂ ಎಲ್ಲಿ ಕೂರುತ್ತೇವೆ ಎಂಬುದನ್ನು ನೋಡಿಕೊಳ್ಳಬೇಕು. ನಮ್ಮನ್ನು ಎದುರುಗೊಳ್ಳುವವರು ಶಾಲು ತಂದವರು, ಕುರ್ಚಿ ಹಾಕಿಸಿದವರು. ‘ಸ್ಥಳೀಯ ಸಮುದಾಯ’ ಎಂದು ನಾವು ವರದಿಯಲ್ಲಿ ಬರೆಯುವುದು ಅವರನ್ನೇ. ಹಳ್ಳದ ದಾರಿ ಗೊತ್ತಿರುವವರನ್ನು ಊರೇ ಹತ್ತಿರ ಕೂರಿಸಿಕೊಳ್ಳದಿದ್ದರೆ, ನಾವು ಅವರಿದ್ದಲ್ಲಿಗೆ ಹೋಗಿ ಕೂರಬೇಕು. ಇದನ್ನು ಮಾಡಿದಾಗ ಶಾಲು ಸಿಗುವುದಿಲ್ಲ, ಕೆಲವೊಮ್ಮೆ ಮುಂದಿನ ಸಲ ಊರಿಗೆ ಬರಬೇಡಿ ಎಂದೂ ಹೇಳುತ್ತಾರೆ. ನಮಗೂ ಹೇಳಿದರು.

ಆದರೂ ನಾವು ನಾಲ್ಕು ಜನ ಮಾತ್ರ ಆ ಕಲ್ಯಾಣಿಯ ಊರಿಗೆ ಮತ್ತೆ ಹೋದೆವು. ತಾತನ ಜೊತೆ ಹಳ್ಳದ ಉದ್ದಕ್ಕೂ ನಡೆದು, ಟೇಪು ಹಿಡಿದು, ಪೈಪಿನ ಬಾಯಿ ಎಷ್ಟು ಎತ್ತರ, ತಳ ಎಷ್ಟು ಆಳ, ನೀರು ಎಲ್ಲಿ ತಿರುಗುತ್ತದೆ ಎಂದು ಅಳೆದು ಬರೆದುಕೊಂಡೆವು. ತಾತ ತಮ್ಮಪ್ಪನ ಕಾಲದ ಕೋಡಿ ಯಾವ ವರ್ಷ ಎಷ್ಟು ಬಿದ್ದಿತ್ತು ಎಂದು ಬಾಯಿಪಾಠದಂತೆ ಹೇಳಿದರು, ಅದನ್ನೂ ಸೇರಿಸಿದೆವು. ಅರ್ಜಿಯ ಕೆಳಗೆ ಮೊದಲು ಅವರ ಹೆಬ್ಬೆಟ್ಟು ಬಿತ್ತು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬರುತ್ತಲೇ ಎರಡು ಮಳೆಗಾಲ ಕಳೆಯಿತು. ಪ್ರತಿ ಸಲ ಫೋನು ಮಾಡಿದಾಗಲೂ ತಾತ ಕೇಳುತ್ತಿದ್ದದ್ದು ಒಂದೇ:

‘ಇಂಜಿನಿಯರು ಬಂದಾಗ ನನ್ ಕರೀರಪ್ಪಾ. ನೀರು ಯಾವ ಕಡಿಂದ ಬತ್ತೈತೆ ಅಂತ ನಾನೇ ತೋರಿಸ್ತೀನಿ.’